ಹಳೆಯ ಪಾಂಟೂನ್ ದೋಣಿ ಕೊಳ್ಳುವ ಮುನ್ನ ಅದರ ಬುಡ ನೋಡಿ

ಕಳೆದ ಜೂನ್ ತಿಂಗಳ ಒಂದು ಭಾನುವಾರ ನಾವು ಎಂಟು ಜನ, ಅದರಲ್ಲಿ ಮೂವರು ಮಕ್ಕಳು, ಸರೋವರದ ನಡುವೆ ಒಂದು ಮಗ್ಗುಲಿಗೆ ವಾಲುತ್ತಿದ್ದ ದೋಣಿಯಲ್ಲಿ ಸಿಕ್ಕಿಕೊಂಡಿದ್ದೆವು. ಯಾರಿಗೂ ಏನೂ ಆಗಲಿಲ್ಲ. ಆದರೆ ಆಗುವುದಕ್ಕೆ ಹೆಚ್ಚು ಹೊತ್ತು ಬೇಕಿರಲಿಲ್ಲ. ತಪ್ಪು ನಡೆದದ್ದು ನೀರಿನ ಮೇಲಲ್ಲ, ಅದಕ್ಕೂ ಎರಡು ತಿಂಗಳ ಹಿಂದೆ, ನಾನು ಆ ದೋಣಿಯನ್ನು ಆರಿಸಿಕೊಂಡ ದಿನ. ಇಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ನನಗೆ ಗೊತ್ತಿರುವ ಮೂರು ಕನ್ನಡ ಕುಟುಂಬಗಳು ಈ ವಸಂತದಲ್ಲಿ ಹಳೆಯ ಪಾಂಟೂನ್ ದೋಣಿ ಹುಡುಕುತ್ತಿವೆ. ಅವರಿಗಾಗಿ, ಅವರಂಥ ಇನ್ನುಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪಾಂಟೂನ್ ದೋಣಿ ಎಂದರೆ ಎರಡು ಉದ್ದನೆಯ ಟೊಳ್ಳು ಅಲ್ಯೂಮಿನಿಯಂ ಕೊಳವೆಗಳ ಮೇಲೆ ಕೂರಿಸಿದ ಚಪ್ಪಟೆ ಜಗಲಿ. ಸುತ್ತಲೂ ಕಟಕಟೆ, ಮೇಲೆ ಸೋಫಾ, ಹಿಂದೆ ಮೋಟಾರು. ಇದು ಹುಟ್ಟಿದ್ದೂ ಈ ರಾಜ್ಯದಲ್ಲೇ. ರಿಚ್ಮಂಡ್ ಎಂಬ ಸಣ್ಣ ಊರಿನ ರೈತ ಆಂಬ್ರೋಸ್ ವೀರ್ಸ್ 1952ರಲ್ಲಿ ಉಕ್ಕಿನ ಪೀಪಾಯಿಗಳನ್ನು ಸಾಲಾಗಿ ಜೋಡಿಸಿ, ಮೇಲೆ ಮರದ ಹಲಗೆ ಹಾಕಿ ಮೊದಲನೆಯದನ್ನು ನೀರಿಗಿಳಿಸಿದ. ವಯಸ್ಸಾದವರು, ಮಕ್ಕಳು ಸಲೀಸಾಗಿ ಓಡಾಡಬಹುದು, ನಿಂತು ಗಾಳ ಹಾಕಬಹುದು, ಕಿರಿದಾದ ದೋಣಿಯ ಹಾಗೆ ತೂಗಾಡುವುದಿಲ್ಲ. ಅಪ್ಪ ಅಮ್ಮ ಬೇಸಿಗೆಗೆ ಊರಿನಿಂದ ಬರುವವರಿದ್ದರು. ಅಪ್ಪ ತಿರುಮಕೂಡಲು ನರಸೀಪುರದ ಕಡೆಯವರು, ಕಾವೇರಿಯ ದಡದಲ್ಲಿ ಗಾಳ ಹಿಡಿದು ಬೆಳೆದವರು. ಅವರನ್ನು ದಿನವಿಡೀ ನೀರಿನ ಮೇಲೆ ಕೂರಿಸಬೇಕೆಂಬ ಆಸೆ ನನಗೆ.

ಏಪ್ರಿಲ್ ಕೊನೆಯ ವಾರ, ಸರೋವರಗಳ ಮಂಜುಗಡ್ಡೆ ಆಗತಾನೆ ಕರಗಿತ್ತು. ಖಾಸಗಿ ಮಾರಾಟಗಾರರೊಬ್ಬರ ಮನೆಯಂಗಳದಲ್ಲಿ, ಟ್ರೈಲರಿನ ಮೇಲೆ 20 ಅಡಿಯ 2003ರ ದೋಣಿ ನಿಂತಿತ್ತು. ಸೋಫಾಗಳಿಗೆ ಹೊಸ ಹೊದಿಕೆ, ನೆಲಕ್ಕೆ ಹೊಸ ವಿನೈಲ್ ಹಾಸು, ನೆರಳಿಗೆ ಹೊಸ ಕೊಡೆಬಟ್ಟೆ. ಕೊಳವೆಗಳ ಕೆಳಭಾಗಕ್ಕೂ ಕಪ್ಪು ಬಣ್ಣ ಹೊಡೆದು ಮಿನುಗಿಸಿದ್ದರು. ಮೋಟಾರು ನೀರು ಸೇದುವ ತೂತುಗಳಿಗೆ ನಲ್ಲಿಯ ಪೈಪು ಸಿಕ್ಕಿಸಿ ಅದನ್ನು ಚಾಲೂ ಮಾಡಿ ತೋರಿಸಿದರು, ಒಂದೇ ಸಲಕ್ಕೆ ಹತ್ತಿಕೊಂಡಿತು. ನೀರಿಗಿಳಿಸಿ ನೋಡೋಣವೇ ಎಂದು ಕೇಳಿದೆ. ಹತ್ತಿರದಲ್ಲಿ ದೋಣಿ ಇಳಿಸುವ ಇಳಿಜಾರಿನಲ್ಲಿ ಇನ್ನೂ ಮಂಜು ಇದೆ, ಸೆಪ್ಟೆಂಬರಿನಲ್ಲಿ ಚೆನ್ನಾಗಿ ಓಡಿದೆ, ನಾಳೆ ಇನ್ನೊಬ್ಬರು ನೋಡಲು ಬರುತ್ತಾರೆ ಎಂದರು. ದೋಣಿ ದುರಸ್ತಿಯವರಿಂದ ಪರೀಕ್ಷೆ ಮಾಡಿಸಲು ಮುನ್ನೂರು ಡಾಲರ್ ಆಗುತ್ತಿತ್ತು. ಅದನ್ನು ಉಳಿಸಿದೆ. 8,200 ಡಾಲರಿಗೆ ವ್ಯವಹಾರ ಮುಗಿಯಿತು. ರಸೀದಿಯಲ್ಲಿ ‘ಇರುವ ಸ್ಥಿತಿಯಲ್ಲಿಯೇ ಮಾರಲಾಗಿದೆ’ ಎಂದು ಅವರೇ ಕೈಯಾರೆ ಬರೆದು ಸಹಿ ಹಾಕಿಸಿಕೊಂಡರು.

ಅಪ್ಪ ಬಂದ ಮರುದಿನವೇ ಗ್ಯಾರೇಜಿಗೆ ಹೋಗಿ ದೋಣಿಯ ಸುತ್ತ ಒಂದು ಸುತ್ತು ಹಾಕಿದರು. ಸೋಫಾ ಕಡೆ ನೋಡಲೇ ಇಲ್ಲ. ಬಗ್ಗಿ ಕೊಳವೆಯ ಮೇಲೆ ಕೈಯಿಟ್ಟು, “ಇದರ ಬುಡ ನೋಡಿದೆಯಾ ಮಗು?” ಎಂದರು.

“ನೋಡಿದೆ ಅಪ್ಪ, ಹೊಸದಾಗಿ ಬಣ್ಣ ಹೊಡೆದಿದ್ದಾರೆ.”

“ಬಣ್ಣ ಸರಿ. ಬುಡ?”

ನಮ್ಮ ಕಡೆ ಹರಿಗೋಲು ನಡೆಸುವವರು ನೀರಿಗಿಳಿಸುವ ಮುನ್ನ ಅದನ್ನು ದಡದಲ್ಲಿ ಬೋರಲು ಹಾಕಿ, ಬಿದಿರಿನ ಹೆಣಿಗೆಯ ಮೇಲಿನ ಹೊದಿಕೆಯನ್ನು ಅಂಗುಲ ಅಂಗುಲವಾಗಿ ಬೆರಳಿನಿಂದ ಒತ್ತಿ ನೋಡುತ್ತಾರೆ. ತೆಳುವಾದ ಕಡೆ ಡಾಂಬರು ಬಳಿಯುತ್ತಾರೆ. ಅಪ್ಪ ಚಿಕ್ಕಂದಿನಿಂದ ಅದನ್ನು ಕಂಡವರು. ನಾನೂ ಕಂಡವನೇ. ಆದರೂ ಆ ಮಾತು ನನ್ನ ಕಿವಿಗೆ ಬೀಳಲಿಲ್ಲ.

ಮೊದಲ ಎರಡು ಸಲ ನಾವು ನಾಲ್ಕೇ ಜನ ಹೋದೆವು. ದೋಣಿ ಎಡಕ್ಕೆ ತುಸು ತಗ್ಗಿದಂತೆ ಕಂಡಿತು. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಎರಡೂ ಆ ಕಡೆ ಇವೆಯಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ಎರಡನೆಯ ಸಲ ಮನೆಗೆ ತಂದ ಮೇಲೆ ಗ್ಯಾರೇಜಿನ ನೆಲದ ಮೇಲೆ, ಎಡಗಡೆ ಹಿಂದಿನ ಮೂಲೆಯಲ್ಲಿ, ಎರಡು ದಿನ ನೀರು ತೊಟ್ಟಿಕ್ಕುತ್ತಲೇ ಇತ್ತು. ಸೋಫಾದ ಅಡಿಯಲ್ಲಿ ಮಳೆನೀರು ನಿಂತಿರಬೇಕೆಂದು ಬಟ್ಟೆಯಿಂದ ಒರೆಸಿ ಸುಮ್ಮನಾದೆ. ನಿಮ್ಮ ದೋಣಿ ಹೀಗೆ ದಿನಗಟ್ಟಲೆ ತೊಟ್ಟಿಕ್ಕುತ್ತಿದ್ದರೆ ಇದನ್ನು ಪೂರ್ತಿ ಓದುವ ಮೊದಲೇ ಹೋಗಿ ಅದರ ಕೊಳವೆ ನೋಡಿ.

ಮೂರನೆಯ ಸಲ ಮನೆಯ ಆರೂ ಜನ ಹೊರಟೆವು, ಸ್ನೇಹಿತ ಮತ್ತು ಅವನ ಮಗಳು ಜೊತೆಗೂಡಿದರು. ದೋಣಿಯ ಫಲಕದ ಮೇಲೆ ಹತ್ತು ಜನ ಎಂದಿತ್ತು, ನಾವು ಎಂಟು. ಕಳೆ ಬೆಳೆದ ಅಂಚಿನಲ್ಲಿ ಲಂಗರು ಹಾಕಿ ಎರೆಹುಳು ಚುಚ್ಚಿ ಕುಳಿತರೆ ಸನ್‌ಫಿಶ್ ಒಂದರ ಹಿಂದೊಂದು ಕಚ್ಚಿದವು. ಮಕ್ಕಳ ಸಂಭ್ರಮ ಹೇಳತೀರದು. ಅಮ್ಮ ಮಂಡಕ್ಕಿ ಕಲಸಲು ಬುಟ್ಟಿ ತೆರೆದರು. ನಿಂಬೆಹಣ್ಣೊಂದು ಕೈಜಾರಿ ನೆಲಕ್ಕೆ ಬಿತ್ತು. ಅದು ನಿಲ್ಲಲಿಲ್ಲ. ವಿನೈಲಿನ ಮೇಲೆ ನಿಧಾನವಾಗಿ ಉರುಳುತ್ತಾ ಹೋಗಿ ಎಡಗಡೆಯ ಹಿಂದಿನ ಮೂಲೆಗೆ ತಾಗಿ ನಿಂತಿತು. ಮಗ ಎತ್ತಿ ತಂದು ಮುಂದೆ ಇಟ್ಟ. ಅದು ಮತ್ತೆ ಅದೇ ದಾರಿಯಲ್ಲಿ, ಅದೇ ಮೂಲೆಗೆ ಉರುಳಿತು. ಮಗನಿಗೆ ಅದು ಆಟ. ಅಪ್ಪ ಕೈಯಲ್ಲಿದ್ದ ಗಾಳದ ಕೋಲನ್ನು ಕೆಳಗಿಟ್ಟು, ಕಟಕಟೆಯ ಮೇಲಿಂದ ಬಗ್ಗಿ ನೋಡಿ, “ನೀರು ಹೊಕ್ಕಿದೆ. ದಡಕ್ಕೆ ನಡೆ” ಎಂದರು. ದನಿ ಏರಿಸಲಿಲ್ಲ. ಎಡ ಕೊಳವೆಯ ಹಿಂತುದಿ ಪೂರ್ತಿ ನೀರೊಳಗೆ ಹೋಗಿತ್ತು.

ಆಮೇಲೆ ನಾನು ಮಾಡಿದ್ದೇ ದೊಡ್ಡ ತಪ್ಪು. ಭಾರ ಸರಿದೂಗಿಸಲೆಂದು ಎಲ್ಲರನ್ನೂ ಬಲಗಡೆಯ ಮುಂದಿನ ಮೂಲೆಗೆ ಕಳಿಸಿ ಮೋಟಾರಿನ ವೇಗ ಹೆಚ್ಚಿಸಿದೆ. ಅರ್ಧ ದಾರಿಯಲ್ಲಿ ದೊಡ್ಡ ಸ್ಪೀಡ್ ಬೋಟ್ ಒಂದು ಹಾದುಹೋಯಿತು, ಅದರ ಅಲೆ ಎದುರಿಗೆ ಬಂತು. ಗಾಬರಿಯಲ್ಲಿ ವೇಗವನ್ನು ಒಮ್ಮೆಲೇ ಇಳಿಸಿದೆ. ಪಾಂಟೂನ್ ದೋಣಿಯಲ್ಲಿ ಇದನ್ನು ಎಂದಿಗೂ ಮಾಡಬಾರದು. ಓಡುವಾಗ ಮೋಟಾರಿನ ಬಲ ಮೂತಿಯನ್ನು ಎತ್ತಿ ಹಿಡಿದಿರುತ್ತದೆ. ಅದನ್ನು ಥಟ್ಟನೆ ತೆಗೆದರೆ ಮೂತಿ ಕುಸಿಯುತ್ತದೆ, ಹಿಂದಿನಿಂದ ದೋಣಿಯದೇ ಅಲೆ ಬಂದು ಇನ್ನಷ್ಟು ತಳ್ಳುತ್ತದೆ. ಮುಂದೆ ಏಳು ಜನರ ಭಾರ ಬೇರೆ. ಎದುರಿನ ಅಲೆ ಮುಂಬಾಗಿಲಿನ ಅಡಿಯಿಂದ ಒಳಗೆ ನುಗ್ಗಿತು. ಒಂದು ಕ್ಷಣ ಮಕ್ಕಳ ಮೊಣಕಾಲಿನವರೆಗೆ ನೀರು. ಅಮ್ಮನ ಬುಟ್ಟಿ ತೇಲಿ ಹೋಯಿತು. ಸ್ನೇಹಿತ ಮಕ್ಕಳನ್ನು ದರದರ ಎಳೆದು ಮಧ್ಯಕ್ಕೆ ತಂದ, ನಾನು ಮತ್ತೆ ಸ್ವಲ್ಪ ವೇಗ ಕೊಟ್ಟೆ, ಮೂತಿ ಎದ್ದಿತು, ನೀರು ಹಿಂದಕ್ಕೆ ಹರಿದು ಹೊರಗೆ ಹೋಯಿತು. ಮಕ್ಕಳು ಲೈಫ್ ಜಾಕೆಟ್ ತೊಟ್ಟಿದ್ದರು, ಹತ್ತು ವರ್ಷಕ್ಕಿಂತ ಚಿಕ್ಕವರು ತೊಡಲೇಬೇಕೆಂಬುದು ಇಲ್ಲಿನ ಕಾನೂನು. ದೊಡ್ಡವರ ಐದು ಜಾಕೆಟ್ಟುಗಳು ಎಡಗಡೆಯ ಹಿಂದಿನ ಸೋಫಾದ ಪೆಟ್ಟಿಗೆಯಲ್ಲಿದ್ದವು. ಮುಳುಗುತ್ತಿದ್ದ ಮೂಲೆಯಲ್ಲೇ. ಅಪ್ಪನಿಗೆ ಎಪ್ಪತ್ತೊಂದು, ಅಮ್ಮನಿಗೆ ಈಜು ಬರುವುದಿಲ್ಲ. ಇದನ್ನು ಬರೆಯುವಾಗಲೂ ಕೈ ತಣ್ಣಗಾಗುತ್ತದೆ.

ಇಳಿಜಾರಿನಲ್ಲಿ ದೋಣಿಯನ್ನು ಟ್ರೈಲರಿಗೆ ಏರಿಸಿ ಮೇಲಕ್ಕೆ ಎಳೆದಾಗ ಎಡ ಕೊಳವೆಯ ಹಿಂಭಾಗದಿಂದ ಪೆನ್ಸಿಲಿನಷ್ಟು ದಪ್ಪನೆಯ ನೀರಿನ ಎಳೆ ಸುರಿಯತೊಡಗಿತು. ಮುಕ್ಕಾಲು ಗಂಟೆ ನಿಲ್ಲಲಿಲ್ಲ. ಅಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಅದನ್ನೇ ನೋಡುತ್ತಿದ್ದರು, ಒಂದು ಮಾತನ್ನೂ ಆಡಲಿಲ್ಲ.

ಬೆಸುಗೆಯವನು ಕಪ್ಪು ಬಣ್ಣ ಕೆರೆದಾಗ ಎಲ್ಲ ಬಯಲಾಯಿತು. ಬಣ್ಣದಡಿ ಅಂಗೈಯಗಲದ ಎಪಾಕ್ಸಿ ಅಂಟಿನ ತೇಪೆ. ಅದರಡಿ ಬೆಸುಗೆಯ ಸಾಲು ಒಂದು ಗೇಣುದ್ದ ಬಿರಿದಿತ್ತು. ಅವನು ಹೇಳಿದ ಪ್ರಕಾರ ಇದು ಚಳಿಗಾಲದ ಕೆಲಸ. ಯಾವುದೋ ಬೇಸಿಗೆಯಲ್ಲಿ ಕಲ್ಲಿಗೆ ತಾಗಿ ಸೂಜಿಮೊನೆಯಷ್ಟು ತೂತಾಗಿದೆ, ನೀರು ಒಳಸೇರಿದೆ, ಶರತ್ಕಾಲದಲ್ಲಿ ಅದನ್ನು ಬಸಿದಿಲ್ಲ. ನೀರು ಮಂಜುಗಡ್ಡೆಯಾದರೆ ಸುಮಾರು 9 ಶೇಕಡಾ ಹಿಗ್ಗುತ್ತದೆ. ಮಿನೆಸೋಟಾದ ಜನವರಿಯಲ್ಲಿ ಮುಚ್ಚಿದ ಅಲ್ಯೂಮಿನಿಯಂ ಕೊಳವೆಯೊಳಗೆ ಅದು ಹಿಗ್ಗಿದರೆ ಲೋಹ ಉಬ್ಬುತ್ತದೆ, ಇಲ್ಲವೇ ಬೆಸುಗೆ ಬಿಡುತ್ತದೆ. ನಮ್ಮ ಕೊಳವೆಯ ಅಡ್ಡಳತೆ 23 ಅಂಗುಲ. ಒಳಗೆ ಸುಮಾರು ಐದೈದು ಅಡಿಗೊಂದರಂತೆ ಅಡ್ಡಗೋಡೆಗಳಿದ್ದವು. ಅಂಥ ಒಂದು ಕೋಣೆಗೆ ಹಿಡಿಯುವ ನೀರು 400 ಲೀಟರ್. ಅಂದರೆ ಐದಾರು ದೊಡ್ಡವರು ಒಂದೇ ಮೂಲೆಯಲ್ಲಿ ಕುಳಿತಂತೆ. ಅಡ್ಡಗೋಡೆಗಳಿಲ್ಲದ ಹಳೆಯ ಕೊಳವೆಯಾಗಿದ್ದರೆ ನೀರು ಪೂರ್ತಿ ಉದ್ದಕ್ಕೂ ಹಬ್ಬುತ್ತಿತ್ತು. ಆ ತೆಳ್ಳನೆಯ ಗೋಡೆಗಳೇ ನಮ್ಮನ್ನು ದಡ ಮುಟ್ಟಿಸಿದವು.

ಹಾಗಾಗಿ ದೋಣಿ ನೋಡಲು ಹೋದಾಗ ಮೊದಲು ಟ್ರೈಲರಿನ ಅಡಿಗೆ ನುಸುಳಿ. ಕೊಳವೆಯ ಮೇಲೆ ಅಂಗೈಯನ್ನು ತುದಿಯಿಂದ ತುದಿಗೆ ಸವರಿ. ದುಂಡಗೆ ಇರಬೇಕಾದ ಕಡೆ ಉಬ್ಬು ಅಥವಾ ಚಪ್ಪಟೆ ಸಿಕ್ಕರೆ ಅಲ್ಲಿ ಮಂಜು ಕಟ್ಟಿದ್ದಿರಬಹುದು. ಬೆಸುಗೆಯ ಸಾಲಿನ ಮೇಲೆ ಉಗುರು ಎಳೆಯಿರಿ. ಗೆಣ್ಣಿನಿಂದ ತಟ್ಟುತ್ತಾ ಹೋಗಿ, ಟೊಳ್ಳು ದನಿ ಒಂದು ಕಡೆ ಮಂದವಾದರೆ ಒಳಗೆ ನೀರಿದೆ. ಬಸಿಯುವ ಬಿರಡೆ ಇದ್ದರೆ ನಿಮ್ಮೆದುರೇ ತೆಗೆಸಿ. ಸಿಹಿನೀರಿನಲ್ಲಿ ಓಡಾಡುವ ಪಾಂಟೂನುಗಳ ಕೊಳವೆಗೆ ಸಾಮಾನ್ಯವಾಗಿ ಬಣ್ಣ ಹೊಡೆಯುವುದಿಲ್ಲ, ಬರಿಯ ಅಲ್ಯೂಮಿನಿಯಂ ಇರುತ್ತದೆ. ಕೆಳಗೆ ಹೊಸ ಬಣ್ಣ ಕಂಡರೆ ಏಕೆಂದು ಕೇಳಿ, ಉತ್ತರ ಸಮಾಧಾನ ಕೊಡದಿದ್ದರೆ ಎದ್ದು ಬನ್ನಿ. ದುರಸ್ತಿಯವರು ಕೊಳವೆಗೆ ಎರಡು ಪಿಎಸ್‌ಐನಷ್ಟು, ಅಂದರೆ ಬಹಳ ಕಡಿಮೆ ಒತ್ತಡದ, ಗಾಳಿ ತುಂಬಿ, ಸೋಪಿನ ನೀರು ಚಿಮುಕಿಸಿ ಗುಳ್ಳೆ ನೋಡುತ್ತಾರೆ. ಇದನ್ನು ಅವರಿಗೇ ಬಿಡಿ. ಮನೆಯ ಕಂಪ್ರೆಸರಿನ ಪೂರ್ತಿ ಒತ್ತಡ ಕೊಟ್ಟರೆ ಕೊಳವೆಯೇ ಸಿಡಿಯಬಹುದು.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ನೀರಿನಲ್ಲಿಯೇ. ಒಂದು ಗಂಟೆ ಓಡಿಸಿ, ಮೇಲಕ್ಕೆಳೆದು, ಹದಿನೈದು ನಿಮಿಷ ಸುಮ್ಮನೆ ನಿಂತು ಕೊಳವೆಗಳನ್ನು ನೋಡಿ. ಮೇಲ್ಮೈಯ ನೀರು ಅಷ್ಟರಲ್ಲಿ ಇಳಿದು ಹೋಗಿರುತ್ತದೆ. ಆಮೇಲೂ ಒಂದೇ ಜಾಗದಿಂದ ತೊಟ್ಟಿಕ್ಕಿದರೆ ಆ ದೋಣಿ ಬೇಡ. ನೀರಿಗಿಳಿಸಲು ಒಪ್ಪದವರಿಂದ ಕೊಳ್ಳಬೇಡಿ. ಮಂಜು ಕರಗಿಲ್ಲ ಎಂದರೆ ಕರಗುವವರೆಗೆ ಕಾಯಿರಿ.

ನೆಲದ ಹಾಸಿನ ವಿಷಯವೂ ಹೀಗೇ. ನಮ್ಮ ಹೊಸ ವಿನೈಲಿನ ಅಡಿಯಲ್ಲಿ ಹಿಂಭಾಗದ ಪ್ಲೈವುಡ್ ಒದ್ದೆ ರೊಟ್ಟಿಯಂತಾಗಿತ್ತು, ಸ್ಕ್ರೂಡ್ರೈವರ್ ತಡೆಯಿಲ್ಲದೆ ಒಳಗಿಳಿಯಿತು. ಮೇಲೆ ನಡೆದಾಗ ಅದು ಗೊತ್ತಾಗುವುದಿಲ್ಲ, ಅಡ್ಡಪಟ್ಟಿಗಳ ನಡುವೆ ಹಿಮ್ಮಡಿ ಊರಿ ಭಾರ ಹಾಕಿದರೆ, ಇಲ್ಲವೇ ಕೆಳಗಿನಿಂದ ಚುಚ್ಚಿ ನೋಡಿದರೆ ತಿಳಿಯುತ್ತದೆ. ಮೋಟಾರಿನ ಗೇರ್ ಎಣ್ಣೆ ಹಾಲು ಬೆರೆಸಿದಂತೆ ಕಂಡರೆ ಒಳಗೆ ನೀರು ಹೋಗಿದೆ. ಹಿಂಭಾಗದಲ್ಲಿ ಬಲಗಡೆ ಕೊರೆದ ಹನ್ನೆರಡು ಅಕ್ಷರ ಅಂಕಿಗಳ ಗುರುತು ಸಂಖ್ಯೆ ಕಾಗದಪತ್ರದೊಂದಿಗೆ ತಾಳೆಯಾಗಬೇಕು.

ಇನ್ನೊಂದು ಮಾತು, ಮೀನು ಹಿಡಿಯುವವರಿಗೆ. ನಾನು ಕೊಂಡದ್ದು ವಿಹಾರದ ದೋಣಿ. ನಾಲ್ಕೂ ಮಗ್ಗುಲಿಗೆ ಸೋಫಾ, ಗಾಳ ಬೀಸಲು ನಿಲ್ಲುವ ಜಾಗವಿಲ್ಲ, ಹಿಡಿದ ಮೀನನ್ನು ಜೀವಂತ ಇಡುವ ತೊಟ್ಟಿಯಿಲ್ಲ. ಮುಂದೆ ಹಿಂದೆ ತಿರುಗುವ ಕುರ್ಚಿಗಳಿರುವ, ಮೂಲೆಗಳು ಖಾಲಿಯಿರುವ ಮಾದರಿ ಬೇರೆಯೇ ಸಿಗುತ್ತದೆ. ಈ ದೋಣಿಗಳು ಗಾಳಿಗೆ ಪಟದಂತೆ ಸಿಕ್ಕುತ್ತವೆ, ಹಗುರ ಲಂಗರು ಹಿಡಿಯುವುದಿಲ್ಲ. ನಾಲ್ಕು ಜನರ ಕುಟುಂಬ ಸಣ್ಣ ಸರೋವರದಲ್ಲಿ ಸನ್‌ಫಿಶ್, ಕ್ರ್ಯಾಪಿ ಮೀನಿಗೆ ಹೋಗುವುದಾದರೆ ಎರಡು ಕೊಳವೆಯ 18–20 ಅಡಿ ಸಾಕು ಎಂಬುದು ನನ್ನ ಅನಿಸಿಕೆ. ವಾಲ್‌ಐ ಮೀನು ಹುಡುಕಿಕೊಂಡು ಮಿಲ್ ಲ್ಯಾಕ್ಸ್‌ನಂಥ ವಿಶಾಲವಾದ, ಆಳವಿಲ್ಲದ ಸರೋವರಕ್ಕೆ ಹೋಗುವವರು ಮೂರು ಕೊಳವೆಯದನ್ನು ನೋಡಲಿ. ಅಲ್ಲಿ ಗಾಳಿ ಎದ್ದರೆ ಅಲೆ ಬಹಳ ಬೇಗ ಏಳುತ್ತದೆ.

ಕೊಳವೆಗೆ 2,400 ಡಾಲರ್, ನೆಲಕ್ಕೆ 1,100 ಡಾಲರ್ ಖರ್ಚಾಯಿತು. ಮಾರಿದವರು ಫೋನ್ ಎತ್ತಲಿಲ್ಲ, ರಸೀದಿಯಲ್ಲಿ ನನ್ನ ಸಹಿ ಇತ್ತು. ಹಣ ಹೋದದ್ದನ್ನು ತಡೆದುಕೊಂಡೆ. ದೋಣಿ ದುರಸ್ತಿಯಾಗಿ ಬಂದದ್ದು ಆಗಸ್ಟ್ 20ಕ್ಕೆ. ಅಪ್ಪ ಅಮ್ಮ 12ಕ್ಕೇ ಊರಿಗೆ ಹೊರಟಿದ್ದರು. ಆ ಬೇಸಿಗೆಯ ಉಳಿದ ದಿನಗಳನ್ನು ಅಪ್ಪ ಉದ್ಯಾನದ ಸಾರ್ವಜನಿಕ ಕಟ್ಟೆಯ ಮೇಲೆ ಗಾಳ ಹಿಡಿದು ಕಳೆದರು, ಎದುರಿಗೆ ಹಾದುಹೋಗುವ ಪಾಂಟೂನುಗಳನ್ನು ನೋಡುತ್ತಾ.

ಮಿನಿಯಾಪೊಲಿಸ್, ಸೇಂಟ್ ಪಾಲ್ ಸುತ್ತಮುತ್ತ ನೀವು ಹಳೆಯ ದೋಣಿ ನೋಡಲು ಹೊರಟಿದ್ದರೆ ನನಗೊಂದು ಸಂದೇಶ ಕಳಿಸಿ. ಶನಿವಾರ ಬೆಳಿಗ್ಗೆ ನಾನು ಬರುತ್ತೇನೆ. ಟಾರ್ಚ್, ಸ್ಕ್ರೂಡ್ರೈವರ್ ನಾನು ತರುತ್ತೇನೆ, ಕೆಳಗೆ ಮಲಗಲು ಹಳೆಯದೊಂದು ಟಾರ್ಪಾಲಿನ್ ನೀವು ತನ್ನಿ.