ನ್ಯೂಟ್ರೋಫಿಲ್ ಬೇರ್ಪಡಿಸಲು ಮೂರು ದಾರಿ: ಯಾವುದು ಕೋಶವನ್ನು ಕೆರಳಿಸುತ್ತದೆ?

ಒಬ್ಬರದೇ ರಕ್ತವನ್ನು ಮೂರು ಪಾಲು ಮಾಡಿ, ಮೂರು ವಿಧಾನಗಳಲ್ಲಿ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಬೇರ್ಪಡಿಸಿದೆ. ಮೈಕ್ರೋಸ್ಕೋಪಿನಲ್ಲಿ ಮೂರೂ ಚೆನ್ನಾಗಿಯೇ ಕಂಡವು. ಕೋಶಗಳ ಮೇಲಿನ ಪ್ರೋಟೀನ್ ಅಳೆಯುವ ಫ್ಲೋ ಸೈಟೋಮೀಟರಿಗೆ ಹಾಕಿದಾಗ ವ್ಯತ್ಯಾಸ ಗೊತ್ತಾಯಿತು. ನಾನು ನೋಡುವುದು ಎರಡು ಪ್ರೋಟೀನ್ ಗುರುತು. ನ್ಯೂಟ್ರೋಫಿಲ್ ಕೆರಳಿದರೆ ಅದರ ಮೈಮೇಲಿನ ಸಿಡಿ62ಎಲ್ ಉದುರುತ್ತದೆ, ಸಿಡಿ11ಬಿ ಜಾಸ್ತಿಯಾಗುತ್ತದೆ.

ಮೊದಲು ಹಳೆಯ ದಾರಿ. ಡೆಕ್ಸ್‌ಟ್ರಾನ್ ಎಂಬ ಸಕ್ಕರೆ-ಪಾಲಿಮರ್ ಬೆರೆಸಿ ಕೆಂಪು ಕಣಗಳನ್ನು ತಳಕ್ಕಿಳಿಸುವುದು, ಮೇಲಿನ ದ್ರವವನ್ನು 1.077 ಸಾಂದ್ರತೆಯ ಫೈಕಾಲ್ ದ್ರಾವಣದ ಮೇಲೆ ಹಾಕಿ ಸೆಂಟ್ರಿಫ್ಯೂಜ್ ಮಾಡುವುದು. ಖರ್ಚು ಕಡಿಮೆ, ಕೋಶಗಳೂ ಧಾರಾಳವಾಗಿ ಸಿಗುತ್ತವೆ. ಆದರೆ ತಳದಲ್ಲಿ ಕೂರುವ ಕೋಶಗಳ ಮುದ್ದೆ, ಅಂದರೆ ಪೆಲೆಟ್, ಇನ್ನೂ ಕೆಂಪಗೇ ಇರುತ್ತದೆ. ಕೆಂಪು ಕಣ ಒಡೆಯಲು ಅದಕ್ಕೆ 0.2% ಉಪ್ಪುನೀರು ಹಾಕಿ, ಅರ್ಧ ನಿಮಿಷದೊಳಗೆ 1.6% ಸುರಿದು ಸರಿದೂಗಿಸಬೇಕು. ಆ ಅರ್ಧ ನಿಮಿಷ ನೀರು ಕುಡಿದು ಉಬ್ಬುವುದು ಕೆಂಪು ಕಣ ಒಂದೇ ಅಲ್ಲ ಅಲ್ವಾ? ನನ್ನ ಟ್ಯೂಬಿನಲ್ಲಿ ಕೆಲವು ಕೋಶಗಳು ಬಿಳಿ ಎಳೆಯಂತೆ ಅಂಟಿಕೊಂಡವು. ಸಿಡಿ62ಎಲ್ ಸಾಕಷ್ಟು ಇಳಿದಿತ್ತು. ಬ್ಯಾಕ್ಟೀರಿಯಾದ ಸುಳಿವಿನಂತಿರುವ ಫಾರ್ಮೈಲ್ ಪೆಪ್ಟೈಡ್ ಕೊಟ್ಟಾಗ ಕೋಶ ಹೊರಬಿಡುವ ಆಕ್ಸಿಡೆಂಟ್‌ಗಳು ಭರ್ರನೆ ಏರಿದವು. ಶಾಂತವಾಗಿರುವ ನ್ಯೂಟ್ರೋಫಿಲ್ ಈ ಪೆಪ್ಟೈಡ್ ಒಂದಕ್ಕೇ ಅಷ್ಟು ಸ್ಪಂದಿಸುವುದಿಲ್ಲ.

ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೇ ಎರಗುವ ರೋಗ) ರೋಗಿಗಳ ರಕ್ತವಾದರೆ ಇನ್ನೊಂದು ತೊಡಕು. ಅವರಲ್ಲಿ ಕಡಿಮೆ ಸಾಂದ್ರತೆಯ ನ್ಯೂಟ್ರೋಫಿಲ್‌ಗಳು ಜಾಸ್ತಿ. ಅವು ತಳಕ್ಕೆ ಹೋಗದೆ ಮೇಲೆ ಲಿಂಫೋಸೈಟ್ ಎಂಬ ಬೇರೆ ಬಿಳಿ ಕಣಗಳ ಪದರದಲ್ಲೇ ಉಳಿಯುತ್ತವೆ. ಪೆಲೆಟ್ ಮಾತ್ರ ಎತ್ತಿಕೊಂಡರೆ ರೋಗದ ಒಂದು ಮುಖ್ಯ ಗುಂಪನ್ನೇ ಚೆಲ್ಲಿದಂತೆ.

ಎರಡನೆಯದು ಸಿಡಿ16 ಬೀಡ್ಸ್, ಅಂದರೆ ನ್ಯೂಟ್ರೋಫಿಲ್ ಮೇಲಿನ ಸಿಡಿ16 ಪ್ರೋಟೀನಿಗೆ ಕಾಂತೀಯ ಮಣಿ ಅಂಟಿಸಿ ಹಿಡಿಯುವುದು. ಇದರಲ್ಲಿ ಇಯೋಸಿನೋಫಿಲ್ ಎಂಬ ಇನ್ನೊಂದು ಬಿಳಿ ಕಣ ಬೆರೆಯುವುದು ಕಡಿಮೆ, ಶುದ್ಧತೆ ಬಹಳ ಚೆನ್ನ. ಆದರೆ ಸಿಡಿ16 ಸುಮ್ನೆ ಹಿಡಿಕೆಯಲ್ಲ, ಪ್ರತಿಕಾಯ ಅಂಟಿದ ವಸ್ತುವನ್ನು ಗುರುತಿಸುವ ರಿಸೆಪ್ಟರ್. ಅದರ ಮೇಲೇ ಬೀಡ್ ಕೂರಿಸಿ, ಆಮೇಲೆ ಅಂಥದೇ ವಸ್ತುವಾದ ಇಮ್ಯೂನ್ ಕಾಂಪ್ಲೆಕ್ಸ್ ಪ್ರಯೋಗ ಮಾಡಿದರೆ ಫಲಿತಾಂಶವನ್ನು ಹೇಗೆ ನಂಬುವುದು? ಆರ್‌ಎನ್‌ಎ ತೆಗೆಯುವವರೂ ಇದನ್ನು ಯೋಚಿಸಬೇಕು. ಬೀಡ್ ತಾಕಿದ ಮೇಲೆ ಕೋಶದ ಜೀನ್‌ಗಳು ಸುಮ್ಮನಿರುತ್ತವೆ ಎಂದುಕೊಳ್ಳಲಾಗದು.

ಮೂರನೆಯದು ನೆಗೆಟಿವ್ ಸೆಲೆಕ್ಷನ್. ಬೇಡದ ಕೋಶಗಳಿಗೇ ಪ್ರತಿಕಾಯ ಅಂಟಿಸಿ ಆಯಸ್ಕಾಂತದಿಂದ ಎಳೆದುಬಿಡುವುದು. ನ್ಯೂಟ್ರೋಫಿಲ್‌ಗೆ ಏನೂ ಅಂಟುವುದಿಲ್ಲ. ನೇರವಾಗಿ ರಕ್ತದಿಂದಲೇ ಮಾಡಬಹುದಾದ ಕಿಟ್ ಬಳಸಿದೆ, ಒಂದು ಗಂಟೆಯೊಳಗೆ ಮುಗಿಯಿತು. ಮೂರರಲ್ಲಿ ಸಿಡಿ62ಎಲ್ ಚೆನ್ನಾಗಿ ಉಳಿದದ್ದು ಇಲ್ಲೇ. ಕಿಟ್ ದುಬಾರಿ, ಸಣ್ಣ ಲ್ಯಾಬುಗಳಿಗೆ ಅದು ನಿಜವಾದ ಹೊರೆ. ಆದರೂ ಕೋಶದ ವರ್ತನೆ ಅಳೆಯುವ ಪ್ರಯೋಗವಾದರೆ ನಾನು ಇದನ್ನೇ ಆರಿಸುತ್ತೇನೆ.

ಹಣ ಇಲ್ಲದಿದ್ದರೆ ಫೈಕಾಲ್ ಸರಿ. ಆದರೆ ರೋಗಿಗೂ ಆರೋಗ್ಯವಂತರಿಗೂ ಒಂದೇ ವಿಧಾನ ಇರಲಿ. ಯಾವುದನ್ನೇ ಆರಿಸಿ, ಬೇರ್ಪಡಿಸುವ ಮೊದಲು ಸ್ವಲ್ಪ ರಕ್ತ ತೆಗೆದಿಟ್ಟು ಅದರಲ್ಲೂ ಸಿಡಿ62ಎಲ್ ನೋಡಿ.