ಸುಟ್ಟ ಹುಬ್ಬಿಗೆ ಕೂದಲು ಕಸಿ: ದುರ್ಗಿಗುಡಿಯ ಕ್ಲಿನಿಕ್ ಬಗ್ಗೆ

ಅಡಕೆ ಬೇಯಿಸುವಾಗ ಹಂಡೆಯ ಚೊಗರು ಸಿಡಿದು ನನ್ನ ತಮ್ಮನ ಮುಖ ಸುಟ್ಟಿತ್ತು. ಗಾಯ ಮಾಗಿತು. ಎಡ ಹುಬ್ಬಿನ ಅರ್ಧ ಭಾಗ ಮತ್ತು ಕಿವಿಯ ಮೇಲೆ ಒಂದು ಪಟ್ಟಿ ಮಾತ್ರ ಬೋಳಾಗಿಯೇ ಉಳಿಯಿತು. ಮದುವೆ ಮನೆಗೆ ಕರೆದರೂ ಬರುತ್ತಿರಲಿಲ್ಲ ಪಾಪ.

ತೀರ್ಥಹಳ್ಳಿಯಿಂದ ಶಿವಮೊಗ್ಗದ ದುರ್ಗಿಗುಡಿಯ ಕೂದಲು ಕಸಿ ಕ್ಲಿನಿಕ್‌ಗೆ ಅವನನ್ನು ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಪ್ಲಾಸ್ಟಿಕ್ ಸರ್ಜನ್. ಬೈಕ್ ಅಪಘಾತದಲ್ಲಿ ಮುರಿದ ದವಡೆ, ಹರಿದ ತುಟಿ, ಸುಟ್ಟು ಬಿಗಿದುಕೊಂಡ ಕುತ್ತಿಗೆ, ಇವನ್ನೆಲ್ಲ ಎಷ್ಟೋ ವರ್ಷ ಸರಿಪಡಿಸಿದವರು. ಕೂದಲಿನ ಕೆಲಸಕ್ಕೆ ಬಂದಿದ್ದು ಆಮೇಲೆ. ಆ ಅನುಭವ ಅವರ ಕೈಯಲ್ಲಿ ಕಾಣುತ್ತದೆ. ಅವರು ಮೊದಲು ಮುಟ್ಟಿ ನೋಡಿದ್ದು ಕಲೆಯ ಚರ್ಮವನ್ನು: ಎಷ್ಟು ಗಟ್ಟಿ ಇದೆ, ಒತ್ತಿದರೆ ರಕ್ತ ಎಷ್ಟು ಬೇಗ ವಾಪಸ್ ಬರುತ್ತದೆ ಅಂತ. ಇದಕ್ಕೆ ಮುಂಚೆ ಬೇರೊಂದು ಊರಿನಲ್ಲಿ ವಿಚಾರಿಸಿದಾಗ ಡಾಕ್ಟರ ಮುಖವನ್ನೂ ತೋರಿಸದೆ ಪ್ಯಾಕೇಜ್ ರೇಟ್ ಹೇಳಿ ಕಳಿಸಿದ್ದರು.

ಸುಟ್ಟ ಕಲೆಯಲ್ಲಿ ರಕ್ತ ಓಡಾಟ ಕಡಿಮೆ, ಹಾಗಾಗಿ ನೆಟ್ಟ ಕೂದಲೆಲ್ಲ ಹಿಡಿಯುವುದಿಲ್ಲ ಎಂದು ಮೊದಲೇ ಹೇಳಿದರು. ಮೊದಲು ಸ್ವಲ್ಪವೇ ನೆಟ್ಟು, ಕೆಲವು ತಿಂಗಳು ಕಾದು, ಹಿಡಿದಿದ್ದು ನೋಡಿಯೇ ಉಳಿದದ್ದನ್ನು ಮಾಡಿದರು. ದುಡ್ಡು ಬರುವ ಕೆಲಸವನ್ನು ಹೀಗೆ ತಡೆದು ನಿಲ್ಲಿಸುವವರು ಕಡಿಮೆ ಅಲ್ವಾ? ಈ ವಿದ್ಯೆಯ ಹಿಂದಿನ ಕಥೆಯನ್ನೂ ಅವರೇ ಹೇಳಿದರು. ಜಪಾನಿನ ಒಕುಡಾ ಎಂಬ ವೈದ್ಯರು 1939ರಲ್ಲೇ ಸುಟ್ಟವರ ತಲೆ, ಹುಬ್ಬುಗಳಿಗೆ ಕೂದಲು ನೆಟ್ಟ ಬಗ್ಗೆ ಬರೆದಿದ್ದರಂತೆ. ಬೋಳು ತಲೆಗೆ ಅದು ಹೆಸರಾಗಿದ್ದು 1959ರಲ್ಲಿ ನ್ಯೂಯಾರ್ಕಿನ ಆರೆಂಟ್ರೈಕ್ ಅವರ ಲೇಖನ ಬಂದ ಮೇಲೆ. ತಮ್ಮನಿಗೆ ಅದನ್ನು ಕೇಳಿಯೇ ಧೈರ್ಯ ಬಂತು.

ಹುಬ್ಬು ಬರೆದಿದ್ದನ್ನು ಮಾತ್ರ ನಾನು ಮರೆಯುವುದಿಲ್ಲ. ತಮ್ಮನ ಹಳೇ ಫೋಟೋ ಪಕ್ಕಕ್ಕಿಟ್ಟು, ಅವನನ್ನು ಕನ್ನಡಿ ಮುಂದೆ ಕೂರಿಸಿ, ಮಾರ್ಕರ್‌ನಲ್ಲಿ ಗೆರೆ ಎಳೆದರು. ನಗು ಅಂದರು, ಹುಬ್ಬು ಗಂಟಿಕ್ಕು ಅಂದರು, ಅಳಿಸಿ ಮತ್ತೆ ಎಳೆದರು. ಮೂಗಿನ ಕಡೆಯ ಕೂದಲು ಮೇಲಕ್ಕೆ ನೋಡಬೇಕು, ಆಮೇಲೆ ನಿಧಾನವಾಗಿ ಹೊರಕ್ಕೆ ಬಾಗಬೇಕು, ಚರ್ಮಕ್ಕೆ ಅಂಟಿದ ಹಾಗೆ ಮಲಗಬೇಕು. ಕೋನ ತಪ್ಪಿದರೆ ಬ್ರಷ್‌ನ ಹಾಗೆ ಎದ್ದು ನಿಲ್ಲುತ್ತದೆ. ತಲೆಯ ಹಿಂಭಾಗದಿಂದ ಒಂದು ಮಿಲಿಮೀಟರ್‌ಗಿಂತ ಸಣ್ಣ ಪಂಚ್‌ನಲ್ಲಿ (ದುಂಡಗೆ ಕೊರೆಯುವ ಸಲಕರಣೆ) ಕೂದಲನ್ನು ಬುಡಸಹಿತ ತೆಗೆದು, ಹುಬ್ಬಿಗೆ ಒಂದು ಬುಡಕ್ಕೆ ಒಂದೇ ಕೂದಲು ಇರುವವನ್ನೇ ಆರಿಸಿದರು. ಅವನ್ನು ನೆಡಲು ರಂಧ್ರ ಮಾಡಿದ್ದೂ ಅವರೇ.

ನೆಟ್ಟಿದ್ದು ಕೆಲವೇ ವಾರಗಳಲ್ಲಿ ಉದುರಿತು. ಅದು ಸಹಜ ಎಂದು ಮೊದಲೇ ಹೇಳಿದ್ದರಿಂದ ಗಾಬರಿ ಆಗಲಿಲ್ಲ. ಮೂರ್ನಾಲ್ಕು ತಿಂಗಳಿಗೆ ಎಳೆ ಕೂದಲು ಚಿಗುರಿತು, ಪೂರ್ತಿ ರೂಪ ಬರಲು ವರ್ಷ ಬೇಕಾಯಿತು. ಈಗಲೂ ಕಿವಿಯ ಮೇಲೆ ಸ್ವಲ್ಪ ತೆಳು. ತಲೆಯ ಕೂದಲಾದ್ದರಿಂದ ಹುಬ್ಬಿನಲ್ಲೂ ಉದ್ದ ಬೆಳೆಯುತ್ತಲೇ ಇರುತ್ತದೆ, ಆಗಾಗ ಕತ್ತರಿಸಬೇಕು.

ಖರ್ಚು ಜಾಸ್ತಿಯೇ. ಆದರೆ ಬಿಲ್ ಮೊದಲೇ ಬರೆದು ಕೊಟ್ಟರು, ಕೊನೆಗೂ ಅಷ್ಟೇ ತೆಗೆದುಕೊಂಡರು. ಅಪಘಾತದ ಕೇಸ್ ಬಂದರೆ ಡಾಕ್ಟರು ಎದ್ದು ಹೋಗುತ್ತಾರೆ, ದೂರದಿಂದ ಬರುವವರು ಬಸ್ ಹತ್ತುವ ಮುಂಚೆ ಒಂದು ಫೋನ್ ಮಾಡಿ. ಸುಡುವ ಮುಂಚಿನ ಸ್ಪಷ್ಟ ಫೋಟೋ ಇದ್ದರೆ ತಪ್ಪದೆ ತನ್ನಿ.