ಬೋಕಾಸ್ಟೆಲ್ ಬದಲಿಗೆ ಅಗ್ಗದ ವೈನ್: ರಿಸರ್ವ್, ಕೂದುಲೆ, ಇಲ್ಲಾ ಗಿಗಾಲ್?

ಫ್ರಾನ್ಸಿನ ರೋನ್ ಕಣಿವೆಯ ಹೆಸರಾಂತ ವೈನ್ ಶಾತೋ ದ ಬೋಕಾಸ್ಟೆಲ್ ರುಚಿ ನೋಡುವ ಆಸೆ, ಆದರೆ ಅದರ ಬೆಲೆ ಕೈಗೆಟುಕುತ್ತಿಲ್ಲ ಅನ್ನುತ್ತೀರಾ? ಅದನ್ನು ಮಾಡುವ ಪೆರಾಂ ಕುಟುಂಬದವರದೇ ಇನ್ನೆರಡು ಕೆಂಪು ವೈನ್ ಇವೆ, ಕೋಟ್ ದು ರೋನ್ (ರೋನ್ ಕಣಿವೆಯ ವೈನ್‌ಗಳಿಗೆ ಇರುವ ಹೆಸರು) ರಿಸರ್ವ್ ಮತ್ತು ಕೂದುಲೆ. ಜೊತೆಗೆ ಗಿಗಾಲ್ ಮನೆತನದ ಕೋಟ್ ದು ರೋನ್ ಅನ್ನೂ ನೋಡಿ. 1946ರಲ್ಲಿ ಆಂಪ್ಯೂಯಿ ಊರಿನಲ್ಲಿ ಶುರುವಾದ ಮನೆತನ ಅದು.

ಬೆಲೆಯಲ್ಲಿ ರಿಸರ್ವ್ ಹಗುರ, ಗಿಗಾಲ್ ಅದರ ಆಸುಪಾಸು. ಕೂದುಲೆಗೆ ಹೆಚ್ಚುಕಡಿಮೆ ಎರಡು ಪಟ್ಟು ಕೊಡಬೇಕು.

ಆ ಹೆಚ್ಚಿನ ದುಡ್ಡು ಎಲ್ಲಿಗೆ ಹೋಗುತ್ತದೆ? ಮಣ್ಣಿಗೆ. ಕೂದುಲೆ ತೋಟಕ್ಕೂ ಬೋಕಾಸ್ಟೆಲ್ ತೋಟಕ್ಕೂ ನಡುವೆ ಇರುವುದು ಎ7 ಹೆದ್ದಾರಿ ಮಾತ್ರ. ಎರಡೂ ಕಡೆ ಬಳ್ಳಿಯ ಬುಡದಲ್ಲಿ ಅದೇ ದುಂಡು ಕಲ್ಲುಗಳು. ಹಗಲು ಬಿಸಿಲು ಹೀರಿ, ರಾತ್ರಿ ಕಾವು ಬಿಡುತ್ತವೆ. ಕೂದುಲೆಯಲ್ಲಿ ಗ್ರೆನಾಶ್ ಜೊತೆ ಮೂರ್ವೆದ್ರ ದ್ರಾಕ್ಷಿಯೂ ಚೆನ್ನಾಗಿ ಬೆರೆತಿರುವುದರಿಂದ ತೊಗಲಿನಂಥ, ಕಾಡಿನಂಥ ವಾಸನೆ ಬರುತ್ತದೆ. ನನಗಂತೂ ಅದು ತುಂಬ ಇಷ್ಟ.

ರಿಸರ್ವ್‌ನಲ್ಲಿ ಗ್ರೆನಾಶ್‌ನದೇ ಮೇಲುಗೈ: ಮೆತ್ತಗೆ, ಹಣ್ಣುಹಣ್ಣಾಗಿ ಇರುತ್ತದೆ. ಗಿಗಾಲ್‌ನಲ್ಲಿ ಸಿರಾ ದ್ರಾಕ್ಷಿ ಹೆಚ್ಚು, ಹಾಗಾಗಿ ಬಣ್ಣ ಗಾಢ, ಕರಿಮೆಣಸಿನ ಘಾಟು.

ಇವತ್ತೇ ತೆರೆದು ನಾಲ್ಕು ಜನ ಊಟಕ್ಕೆ ಕೂರುವುದಾದರೆ ರಿಸರ್ವ್ ತನ್ನಿ. ಸುಟ್ಟ ಕುರಿಮಾಂಸ ಇದ್ದರೆ ಗಿಗಾಲ್ ಹೊಂದುತ್ತದೆ. ತಂಪಾದ ಕತ್ತಲೆ ಜಾಗವಿದ್ದು ಐದಾರು ವರ್ಷ ಕಾಯುವ ತಾಳ್ಮೆ ಇದ್ದರೆ ಕೂದುಲೆ. ಎಳೆಯದನ್ನೇ ತೆರೆಯಬೇಕಾಗಿ ಬಂದರೆ ಒಂದು ಗಂಟೆ ಮುಂಚೆ ಹೂಜಿಗೆ ಸುರಿದಿಡಿ.